ದಿವಾನ ಮಂಚದೊಳಗೆ ಆಮೆ ಇದ್ದ ಮಳೆಗಾಲ

ಮೊನ್ನೆ ಮಲ್ಲಿಗೆ ಗಿಡದ ಕುಂಡಕ್ಕೆ ಮಣ್ಣು ಬದಲಾಯಿಸಬೇಕೆಂದು ನನ್ನ ಹೆಂಡತಿ ಸುಮಾ ನನ್ನನ್ನು ನರ್ಸರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಯ ಕೆಲಸದಾಕೆ ನೆಂದ ತೆಂಗಿನ ನಾರಿನ ಪುಡಿಯ ಚೀಲದ ಬಾಯಿ ಬಿಚ್ಚಿದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕರವಸ್ತ್ರ ಮೂಗಿಗೆ ಒತ್ತಿಕೊಂಡು ಸ್ಕೂಟರಿನ ಹತ್ತಿರ ಹೋಗಿ ನಿಂತೆ. ಆ ವಾಸನೆಯಲ್ಲಿ ಹೇಸುವಂಥದ್ದೇನೂ ಇಲ್ಲವೆಂದು ನನಗೂ ಗೊತ್ತು. ಬೇರೆಯವರಿಗೆ ಅದು ಮಳೆ ಬಿದ್ದ ಕೈತೋಟದ ಹಾಗೆ ಹಿತವಾಗಿರುತ್ತದಂತೆ. ನನಗೆ ಮಾತ್ರ ಅದರ ಬೆನ್ನಿಗೇ ಹುಳಿತ ಮೊಸರನ್ನ, ಕಮಟು ಎಣ್ಣೆ, ಅರಿಶಿನ, ಅದರಾಚೆಗೆ ಹೆಸರಿಡಲಾಗದ ಇನ್ನೊಂದು ವಾಸನೆ, ಎಲ್ಲ ಸಾಲುಗಟ್ಟಿ ಬರುತ್ತವೆ.

"ಇನ್ನೂ ಹೋಗಿಲ್ವೇನ್ರೀ ನಿಮಗದು?" ಎಂದಳು ಸುಮಾ, ಚೀಲವನ್ನು ನನ್ನ ಕಾಲ ಬಳಿಯೇ ಇಡುತ್ತಾ.

ಹೋಗಿಲ್ಲ. ಹೋಗುವ ಲಕ್ಷಣವೂ ಇಲ್ಲ.

ಮೂರು ವರ್ಷದ ಹಿಂದಿನ ಮಳೆಗಾಲವದು. ಗೋಪಾಳ ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲಿ, ಬಂದವರು ಕೂತು ಕಾಫಿ ಕುಡಿಯುವ ದಿವಾನ ಮಂಚದ ಹೊಟ್ಟೆಯೊಳಗೆ, ಒಂದು ಆಮೆ ವಾಸವಾಗಿತ್ತು. ಅದಕ್ಕೆ ಅಲ್ಲಿ ಮನೆ ಕಟ್ಟಿಕೊಟ್ಟವನು ನಾನೇ. ಹಾಗೆಂದು ನಾನು ಪ್ರಾಣಿಪ್ರಿಯನೆಂದು ಯಾರೂ ತಿಳಿಯಬೇಕಾಗಿಲ್ಲ. ಬಚ್ಚಲ ಗೋಡೆಯಲ್ಲಿ ಹಲ್ಲಿ ಕಂಡರೆ ಸ್ನಾನವನ್ನು ಸಂಜೆಗೆ ಮುಂದೂಡುವವನು ನಾನು. ಅದೂ ಅಲ್ಲದೆ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ವರ್ಷಗಟ್ಟಲೆ ಕೂತು, ಮನುಷ್ಯ ಯಾವ ಯಾವ ಬಗೆಯಲ್ಲಿ ಸಾಯಬಹುದೆಂದು ಓದಿ ಓದಿ, ಬಾಳೆಹಣ್ಣಿನ ಸಿಪ್ಪೆ ಕಂಡರೂ ಒಂದು ಕಡತ ಕಣ್ಣ ಮುಂದೆ ಬರುವ ಸ್ಥಿತಿಗೆ ತಲುಪಿದ್ದೇನೆ. ಇಂಥವನ ಕೈಗೆ ಆಮೆ ಕೊಟ್ಟವಳು ನನ್ನ ಅಕ್ಕ.

ಗಿರಿಜಕ್ಕ ಭದ್ರಾವತಿಯಲ್ಲಿದ್ದಾಳೆ. ಅವಳ ಗಂಡ ಮಲ್ಲಿಕಾರ್ಜುನ ಭಾವ ಅಲ್ಲಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಕಾರ್ಖಾನೆ ನಿಂತ ಮೇಲೂ ಕೆಲವು ಕಾಲ ಕ್ವಾರ್ಟರ್ಸಿನಲ್ಲೇ ಉಳಿದರು. ಭಾವ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಲಸ ಕೇಳಲು ಹೊರಡುವುದು, ಮಧ್ಯಾಹ್ನದ ಹೊತ್ತಿಗೆ ಅದೇ ಇಸ್ತ್ರಿಯಲ್ಲಿ ವಾಪಸು ಬರುವುದು. ಅಕ್ಕ ಸುಮ್ಮನೆ ಕೂರುವವಳಲ್ಲ. ಫೋನಿನಲ್ಲಿ ವಾಸ್ತು ಹೇಳುವವರನ್ನೆಲ್ಲ ನೋಡತೊಡಗಿದಳು. ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ನೀರಿನ ತಟ್ಟೆಯಲ್ಲಿ ಹಿತ್ತಾಳೆಯ ಆಮೆ ಇಟ್ಟಿರುತ್ತಾರಲ್ಲ, ಅಂಥದ್ದೊಂದನ್ನು ತಂದು ಉತ್ತರ ದಿಕ್ಕಿಗೆ ಇಟ್ಟಳು. ಏನೂ ಆಗಲಿಲ್ಲ. ಪಕ್ಕದ ಮನೆಯ ಸೆಲ್ವಿಯಮ್ಮ, ಜೀವ ಇಲ್ಲದ ಹಿತ್ತಾಳೆಯಿಂದ ಏನಾಗುತ್ತೆ ಗಿರಿಜಮ್ಮ, ಜೀವ ಇರೋದನ್ನೇ ಇಡಬೇಕು ಎಂದಳಂತೆ. ಅದಾದ ಸ್ವಲ್ಪ ದಿನಕ್ಕೆ ಚೀಲ ಹೊತ್ತ ಒಬ್ಬ ಕ್ವಾರ್ಟರ್ಸಿನ ಸಾಲುಗಳಲ್ಲಿ ಗುಟ್ಟಾಗಿ ಬಂದ. ಇಂಥವರಿಗೆ ಎಲ್ಲಿ ಕಷ್ಟ ಇದೆಯೆಂಬ ವಾಸನೆ ಹೇಗೆ ಹತ್ತುತ್ತದೋ, ಹದ್ದುಗಳಿಗೂ ಅಷ್ಟು ಚುರುಕಿಲ್ಲ.

ಅಕ್ಕ ಅವನಿಂದ ಕೊಂಡು ಬಂಗಾರಿ ಎಂದು ಹೆಸರಿಟ್ಟ ಆಮೆ ಹಿತ್ತಾಳೆಯ ಉರುಳಿಯಲ್ಲಿ, ನೀರಿನೊಳಗೆ, ಉತ್ತರಕ್ಕೆ ಮುಖ ಮಾಡಿ ನೆಲೆಯಾಯಿತು. ಅಂಗೈಗಿಂತ ಸ್ವಲ್ಪ ದೊಡ್ಡದು. ಅಕ್ಕ ಯಾವುದನ್ನೂ ಅರೆಮನಸ್ಸಿನಿಂದ ಮಾಡುವವಳಲ್ಲ: ದಿನಾ ಅದರ ಬೆನ್ನಿಗೆ ಎಣ್ಣೆ, ಅರಿಶಿನ, ಕುಂಕುಮ, ತಿನ್ನಲು ಮೊಸರನ್ನ, ಬಾಳೆಹಣ್ಣು, ಹಬ್ಬದಲ್ಲಿ ರವೆ ಉಂಡೆ. ನಾವು ಹೋದಾಗಲೆಲ್ಲ ಅದು ಉರುಳಿಯ ಅಂಚಿಗೆ ಮೂತಿ ತಾಗಿಸಿಕೊಂಡು, ನಾಲ್ಕೂ ಕಾಲು ಬಡಿಯುತ್ತಾ ಸುತ್ತುತ್ತಲೇ ಇರುತ್ತಿತ್ತು. ಎಷ್ಟು ಚೂಟಿ ನೋಡು, ದಿನವಿಡೀ ಆಟ ಎಂದು ಅಕ್ಕ ಹಿಗ್ಗುವಳು. ಸಾಲಿನ ಹೆಂಗಸರು ಬಂದು ಕೈಮುಗಿದು, ನಾಣ್ಯವನ್ನು ಅದರ ಬೆನ್ನಿಗೆ ಮುಟ್ಟಿಸಿ ಪರ್ಸಿಗೆ ಹಾಕಿಕೊಳ್ಳುವರು. ಅದೇ ಕೈಯಲ್ಲಿ ಅಕ್ಕ ಕೊಟ್ಟ ಚಕ್ಕುಲಿ ಮುರಿದು ತಿನ್ನುವರು. ನಾನು ಚಕ್ಕುಲಿ ತಿನ್ನದೆ ಎದ್ದು ಬರುತ್ತಿದ್ದೆ.

ಜೂನಿನಲ್ಲಿ ಕ್ವಾರ್ಟರ್ಸು ಖಾಲಿ ಮಾಡಬೇಕಾಯಿತು. ಸಿಕ್ಕಿದ ಬಾಡಿಗೆ ಮನೆಯ ಯಜಮಾನರು ಪ್ರಾಣಿ ಗೀಣಿ ಇದ್ದರೆ ಆಗದು ಎಂದುಬಿಟ್ಟರು. ಒಂದು ಭಾನುವಾರ, ಮಳೆ ಹೊಯ್ಯುತ್ತಿರುವಾಗ, ಅಕ್ಕ ಬಸ್ಸಿನಲ್ಲಿ ಬಂದು ಬಣ್ಣದ ವೈರ್ ಬ್ಯಾಗಿನೊಳಗಿಂದ ಅದನ್ನು ತೆಗೆದು ನನ್ನ ಕೈಮೇಲೆ ಇಟ್ಟಳು.

"ಮಳೆಗಾಲ ಮುಗಿಯೋವರ್ಗೆ ಕಣೋ ಚಂದ್ರು. ಅಷ್ಟರೊಳಗೆ ನಾನು ಓನರ್ ಹತ್ರ ಮಾತಾಡ್ತೀನಿ. ನಿಮ್ಮ ಭಾವಂಗೆ ತರೀಕೆರೆ ಕಡೆ ಒಂದು ಕಡೆ ಕೆಲಸಕ್ಕೆ ಕರೀತಾರೆ ಅನ್ನೋ ಹಂಗಿದೆ. ಈಗ ಇದಕ್ಕೇನೂ ಆಗಬಾರ್ದು."

ಕೈಮೇಲಿದ್ದದ್ದು ಲೊಳಲೊಳ ಎನ್ನುತ್ತಿತ್ತು. ಮೂಗಿನಿಂದ ಗುಳ್ಳೆ ಬರುತ್ತಿತ್ತು. ಅಕ್ಕ ಹೋದ ಮೇಲೆ ಅದನ್ನು ಬಚ್ಚಲಿಗೆ ಒಯ್ದು, ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕತೊಡಗಿದೆ. ಎಣ್ಣೆ, ಅರಿಶಿನ, ಕುಂಕುಮ, ಅದರ ಮೇಲೆ ಮತ್ತೆ ಎಣ್ಣೆ. ಹಳೆಯ ಮನೆಯ ಗೋಡೆಯ ಸುಣ್ಣದಂತೆ ಪದರ ಪದರವಾಗಿ ಎದ್ದು ಬಂತು. ಕೆಳಗೆ ಚಿಪ್ಪಿನ ಬಿಲ್ಲೆಗಳು ಕೂಡುವಲ್ಲಿ ಬೂದುಬಣ್ಣದ ಲೋಳೆ. ಬ್ರಷ್ಷು ತಾಗಿದರೆ ಚಿಪ್ಪು ಸ್ವಲ್ಪ ಒಳಕ್ಕೆ ಹೋಗುತ್ತಿತ್ತು. ಕಟ್ಟೆಯ ಸಂದಿಯಲ್ಲಿ ಇಲಿ ಸತ್ತು ಮೂರನೆಯ ದಿನಕ್ಕೆ ಬರುತ್ತದಲ್ಲ, ಆ ವಾಸನೆ. ಎರಡು ಸಲ ಎದ್ದು ಹೋಗಿ ವಾಕರಿಸಿ ಬಂದೆ. ಕೊನೆಗೆ ಕಪ್ಪು ಚಿಪ್ಪಿನ ಮೇಲೆ, ನಡುವಿನಿಂದ ಸುತ್ತಲೂ ಚಾಚಿದ ಹಳದಿ ಗೆರೆಗಳು ಕಂಡವು. ಅಷ್ಟು ಚಂದದ ವಸ್ತುವಿನಿಂದ ಅಂಥ ವಾಸನೆ ಬರುತ್ತಿದ್ದದ್ದೇ ಹೆಚ್ಚು ಅಸಹ್ಯವೆನಿಸಿತು.

ಬಾಗಿಲಲ್ಲಿ ನಿಂತಿದ್ದ ಸುಮಾ ಫೋನು ತೆಗೆದು ನೋಡಿ, ತಾನು ಕಲಿಸುವ ಹೈಸ್ಕೂಲಿನ ಮಕ್ಕಳಿಗೆ ಪಾಠ ಓದುವ ದನಿಯಲ್ಲಿ ಓದಿದಳು: ಇದು ನಕ್ಷತ್ರ ಆಮೆ. ನೀರಿನದಲ್ಲ, ನೆಲದ್ದು. ಈಜಲು ಬರುವುದಿಲ್ಲ. ಒಣ ಜಾಗ, ಬಿಸಿಲು, ಹುಲ್ಲು ಸೊಪ್ಪು ಬೇಕು. ಆಮೇಲೆ ದನಿ ತಗ್ಗಿಸಿ, ಇದನ್ನು ಮನೆಯಲ್ಲಿ ಸಾಕುವುದು ಅಪರಾಧ, ಜೈಲು ಇದೆ ಎಂದಳು.

ನಾನು ಬ್ರಷ್ಷು ಹಿಡಿದುಕೊಂಡೇ ಬಚ್ಚಲ ಕಿಟಕಿ ಮುಚ್ಚಿದೆ.

ಅಂದು ಸಂಜೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅರಣ್ಯ ಇಲಾಖೆಗೆ ಒಪ್ಪಿಸಿದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಭಾವನ ಹೆಸರು ಬರುತ್ತದೆ. ಕೆಲಸ ಹುಡುಕುತ್ತಿರುವ ಮನುಷ್ಯನ ಮೇಲೆ ಕೇಸು. ಅಕ್ಕನಂತೂ ಜನ್ಮದಲ್ಲಿ ನನ್ನ ಮುಖ ನೋಡಲಾರಳು. ಒಪ್ಪಿಸದೆ ಅಕ್ಕನಿಗೇ ಹಿಂದಿರುಗಿಸಿದರೆ ಅದು ಮತ್ತೆ ಉರುಳಿಗೆ ಹೋಗುತ್ತದೆ, ಸಾಯುತ್ತದೆ. ಯಾವುದನ್ನೂ ಮಾಡಲಾಗದವನು ಮಾಡುವ ಕೆಲಸವನ್ನೇ ನಾನು ಮಾಡಿದೆ. ಮೊದಲು ಅದು ಬದುಕಲಿ, ಆಮೇಲೆ ನೋಡೋಣ ಎಂದೆ. ಒಂದು ಗೂಡು ಕಟ್ಟಲು ಹೊರಟೆ.

ಅಕ್ಕನ ಫೋನಿನಲ್ಲಿ ಆಮೆ ನೀರಿನಲ್ಲಿತ್ತು, ನನ್ನ ಫೋನಿನಲ್ಲಿ ಮಣ್ಣಿನಲ್ಲಿತ್ತು, ಅಷ್ಟೇ ವ್ಯತ್ಯಾಸ. ಗಾಜಿನ ತೊಟ್ಟಿ ಬೇಡ, ಹೊರಗೆ ಕಾಣುತ್ತಿದ್ದರೆ ಅದು ಗಾಜಿಗೆ ಮೂತಿ ಉಜ್ಜುತ್ತಾ ಸೋಲುತ್ತದೆ. ಮರದ ಗೋಡೆ ಇರಬೇಕು. ಉದ್ದ ಅಗಲ ಸಾಕಷ್ಟಿರಬೇಕು ಎಂದು ಫೋನಿನ ವಿಡಿಯೋದಲ್ಲಿ ಯಾರೋ ಹೇಳುತ್ತಿದ್ದರು. ಬಡಗಿಯನ್ನು ಕರೆಸಿದರೆ ಏತಕ್ಕೆ ಎನ್ನುತ್ತಾನೆ. ಮನೆಯಲ್ಲಿ ಅಷ್ಟು ದೊಡ್ಡ, ಎಲ್ಲ ಕಡೆ ಮುಚ್ಚಿದ ಮರದ ಪೆಟ್ಟಿಗೆಯೆಂದರೆ ದಿವಾನ ಒಂದೇ. ಅದರ ಮೇಲಿನ ಎರಡು ಹಲಗೆಗಳಲ್ಲಿ ಒಂದನ್ನು ಎತ್ತಿಟ್ಟು, ಒಳಗಿದ್ದ ಹೆಚ್ಚುವರಿ ಹಾಸಿಗೆ, ಸ್ವೆಟರು, ಮದುವೆಯಲ್ಲಿ ಬಂದು ಇನ್ನೂ ಬಿಚ್ಚದ ಬೆಡ್‌ಶೀಟುಗಳನ್ನೆಲ್ಲ ಮಲಗುವ ಕೋಣೆಯ ಮಂಚದ ಕೆಳಗೆ ತುರುಕಿದೆ.

"ನಮ್ಮಪ್ಪ ಇದನ್ನ ಮಗಳು ಅಳಿಯ ಕೂತ್ಕೊಳ್ಳಲಿ ಅಂತ ಕೊಡಿಸಿದ್ದು," ಎಂದಳು ಸುಮಾ. "ನಿಮ್ಮಕ್ಕನ ಲಕ್ಷ್ಮಿ ಕಕ್ಕ ಮಾಡ್ಲಿ ಅಂತಲ್ಲ."

ಆದರೂ ಇನ್ನೊಂದು ತುದಿ ಹಿಡಿದದ್ದು ಅವಳೇ. ಗಾಂಧಿ ಬಜಾರಿನಿಂದ ದಪ್ಪನೆಯ ಟಾರ್ಪಾಲು ತಂದು, ತಳಕ್ಕೂ ಗೋಡೆಗೂ ಹಾಸಿ ಮೊಳೆ ಹೊಡೆದೆವು. ಮಣ್ಣಿಗೆಂದು ಆಯನೂರಿನ ಸಹೋದ್ಯೋಗಿಯೊಬ್ಬರ ಹೊಲಕ್ಕೆ ಹೋದೆ. ತುಳಸಿ ಕಟ್ಟೆಗೆ ಎಂದಿದ್ದೆ. ಅವರು ಎರಡು ಮೂಟೆ ತುಂಬಿದ ಮೇಲೆ ಎಂಥಾ ತುಳಸಿ ಮಾರಾಯ್ರೇ ಎಂದು ನಕ್ಕರು. ಮನೆಗೆ ತಂದು ಸುರಿದರೆ ಮಣ್ಣೇ ನಡೆಯತೊಡಗಿತು. ಚೋರಟೆ, ಕೆಂಪಿರುವೆ, ಬಿಳಿ ಹುಳ, ಎರೆಹುಳ. ಮಣ್ಣನ್ನು ಬಿಸಿ ಮಾಡಿದರೆ ಹುಳ ಸಾಯುತ್ತವೆ ಎಂದು ನನ್ನ ಫೋನಿನವರು ಹೇಳಿದ್ದರು. ದೊಡ್ಡ ಬಾಣಲೆಯಲ್ಲಿ ಗ್ಯಾಸಿನ ಮೇಲೆ ಹುರಿದೆ. ಎರೆಹುಳ ಹುರಿದ ವಾಸನೆ ಹೇಗಿರುತ್ತದೆಂದು ವರ್ಣಿಸುವುದಿಲ್ಲ. ಅದು ಅಡುಗೆಮನೆಯ ಪರದೆಗೆ ಹತ್ತಿ, ಒಂದು ವಾರ ನಮ್ಮ ಸಾರಿನಲ್ಲೂ ಇತ್ತು. ಇನ್ನು ಆ ಬಾಣಲೆಯಲ್ಲಿ ಒಗ್ಗರಣೆ ನೀವೇ ಹಾಕಿಕೊಂಡು ತಿನ್ನಿ ಎಂದು ಸುಮಾ ಅದನ್ನು ಹಿತ್ತಲಿಗೆ ಎಸೆದಳು.

ಹುರಿದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಹಾಸಿದೆವು. ಒಂದು ಮೂಲೆಯಲ್ಲಿ ಅಡಗಿಕೊಳ್ಳಲು ಅರ್ಧ ಒಡೆದ ಮಡಕೆ ಮಗುಚಿಟ್ಟೆವು. ನೀರಿಗೆ ಹೂಕುಂಡದ ತಟ್ಟೆ. ಅದರ ಕಾಲು ಮುಳುಗುವಷ್ಟೇ ಆಳ. ಇನ್ನೊಂದು ತುದಿಯಲ್ಲಿ ಬಿಸಿಲಿಗೆ ಬದಲು ಬಲ್ಬು ಬೇಕಿತ್ತು. ಬಿಸಿಯಾಗುವ ಹಳೆಯ ಬಲ್ಬು ಈಗ ಯಾರ ಬಳಿಯೂ ಇಲ್ಲ. ಅಂಗಡಿಯವನೊಬ್ಬ, ಕೋಳಿಮರಿ ಸಾಕ್ತೀರಾ ಸಾರ್ ಎಂದು ಕೇಳಿ ಒಳಗಿನಿಂದ ಹುಡುಕಿ ಕೊಟ್ಟ. ನಾನು ಹೌದೆಂದೆ. ಎಷ್ಟು ಮರಿ ಎಂದ. ಇನ್ನೂ ಮೊಟ್ಟೆಯಿಂದ ಬಂದಿಲ್ಲ ಎಂದು ಅಪರಾಧಿಯಂತೆ ತೊದಲಿದೆ. ಚಿಪ್ಪು ಗಟ್ಟಿಯಾಗಲು ಬೇಕಾದ ಬೇರೊಂದು ವಿಶೇಷ ದೀಪ ಆನ್‌ಲೈನಿನಲ್ಲಿ ಬಂತು. ಅದರ ಡಬ್ಬಿಯ ಮೇಲಿದ್ದ ಓತಿಕ್ಯಾತದ ಚಿತ್ರ ನೋಡಿ ಕೊರಿಯರ್‌ನವನು ನನ್ನ ಮುಖವನ್ನೂ ಒಮ್ಮೆ ನೋಡಿದ.

ಇಷ್ಟಾದ ಮೇಲೆ ಅದನ್ನು ಒಳಗೆ ಬಿಟ್ಟೆವು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ತಲೆ ಹೊರಗೆ ಬಂತು, ಒಂದು ಕಾಲು ಬಂತು, ಮೈಯನ್ನು ನೆಲದಿಂದ ಎತ್ತಿ ನಡೆಯಿತು. ಅದು ನಡೆದದ್ದನ್ನು ನಾವು ಅಲ್ಲಿಯತನಕ ನೋಡಿಯೇ ಇರಲಿಲ್ಲ. ಮುದುಕರು ಗದ್ದೆಯ ಬದುವಿನ ಮೇಲೆ ನಡೆಯುವ ಹಾಗೆ ಒಂದೊಂದೇ ಕಾಲು ಇಡುತ್ತಾ ಹೋಗಿ ಬಲ್ಬಿನ ಕೆಳಗೆ ಕಾಲು ಚಾಚಿ ಮಲಗಿತು. ಸುಮಾ ಸೆರಗಿನಿಂದ ಮೂಗು ಮುಚ್ಚಿಕೊಂಡೇ, ಪಾಪ ಎಂದಳು.

ಅಲ್ಲಿಂದ ಶುರುವಾಯಿತು ನಮ್ಮ ಮಳೆಗಾಲ. ಸತತ ಸೋನೆ; ಗೋಡೆ ಮುಟ್ಟಿದರೆ ಕೈ ತೇವ. ನಾರಿನ ಪುಡಿಯ ಮೇಲೆ ಬೆಳಗಾಗುವುದರೊಳಗೆ ಬಿಳಿ ಬೂಷ್ಟು ಹತ್ತಿಯಂತೆ ಹಬ್ಬುತ್ತಿತ್ತು. ಅದನ್ನು ಚಮಚದಲ್ಲಿ ಕೆರೆದು ತೆಗೆಯುವುದು ನನ್ನ ಬೆಳಗಿನ ಮೊದಲ ಕೆಲಸ. ಎಳ್ಳುಕಾಳಿನಷ್ಟು ಸಣ್ಣ ನೊಣಗಳು ಮಣ್ಣಿನಿಂದ ಎದ್ದು ಕಾಫಿಯಲ್ಲಿ ಬಿದ್ದು ಸಾಯುತ್ತಿದ್ದವು. ಮೊಸರನ್ನ ತಿಂದು ಕೆಟ್ಟಿದ್ದ ಹೊಟ್ಟೆ ಸರಿಹೋಗುವವರೆಗೆ ಅದು ಮಾಡಿದ್ದೆಲ್ಲ ನೀರು ನೀರು. ಮಾಡಿದ ಮೇಲೆ ಅದರ ಮೇಲೇ ನಡೆದು, ನಡೆದ ಕಾಲಿನಲ್ಲೇ ಸೊಪ್ಪು ತುಳಿದು, ಆ ಸೊಪ್ಪನ್ನೇ ತಿನ್ನುವುದು. ನಾನು ಉಣ್ಣುವಾಗ ಆ ಕಡೆ ಬೆನ್ನು ಹಾಕಿ ಕೂರುತ್ತಿದ್ದೆ. ಕೈ ಎಷ್ಟು ಸೋಪು ಹಾಕಿ ತೊಳೆದೆನೆಂದರೆ ಬೆರಳ ಸಂದಿಯ ಚರ್ಮ ಸುಲಿಯಿತು. ಸುಲಿದ ಜಾಗದಿಂದ ರೋಗ ಒಳಗೆ ಹೋಗುತ್ತದೆಂದು ಮತ್ತೆ ತೊಳೆದೆ.

ಬಂದವರನ್ನು ದಿವಾನದ ಉಳಿದರ್ಧದ ಮೇಲೆ ಕೂರಿಸಿ, ಎತ್ತಿಟ್ಟ ಹಲಗೆಯನ್ನು ಹಾಗೇ ಮೇಲೆ ಜರುಗಿಸಿ ಮೇಜುವಸ್ತ್ರ ಹೊದಿಸುತ್ತಿದ್ದೆವು. ಅವರ ಕಾಲ ಕೆಳಗೆ ಕರಕರ ಸದ್ದು ಬಂದರೆ ಸುಮಾ ಟಿ.ವಿ. ಜೋರು ಮಾಡುವಳು. ವಾಸನೆಗೆ ಗೋಡೆಯ ತೇವವೇ ಕಾರಣವೆಂದು ಹೇಳಿ ಹೇಳಿ, ಕೊನೆಗೆ ಪಕ್ಕದವರು ಸೋರುವುದಕ್ಕೆ ಬಳಿಯುವ ಔಷಧದ ಡಬ್ಬಿಯನ್ನೇ ತಂದುಕೊಟ್ಟರು. ರಸ್ತೆಯಲ್ಲಿ ಯಾವುದೇ ಜೀಪು ನಿಧಾನವಾದರೂ ನಾನು ಕಿಟಕಿಯ ಪರದೆ ಸರಿಸಿ ಇಣುಕುತ್ತಿದ್ದೆ. ಒಂದು ಸಲ ಹಸಿರು ಜೀಪು ನಮ್ಮ ಗೇಟಿನ ಮುಂದೆಯೇ ನಿಂತಿತು. ನಾನು ಒಳಗೆ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು, ಹೊರಡಲು ಸಿದ್ಧನಾಗಿ ಕೂತೆ. ಯಾರದೋ ಮನೆ ಗೃಹಪ್ರವೇಶದ ವಿಳಾಸ ಕೇಳಲು ಬಂದವರು ಅವರು.

ಆದರೆ ಅದು ಗುಣವಾಗುತ್ತಿತ್ತು. ಮೂಗಿನ ಗುಳ್ಳೆ ನಿಂತಿತು. ದಾಸವಾಳದ ಹೂ ಇಟ್ಟರೆ ಮಡಕೆಯಿಂದ ತಾನಾಗಿ ಬಂದು, ಬಾಯಿ ಮಾತ್ರ ಕೆಂಪು ಮಾಡಿಕೊಂಡು ತಿನ್ನುವುದು. ಲೋಳೆಯಿದ್ದ ಸಂದಿಗಳು ಒಣಗಿ, ಒತ್ತಿದರೆ ಗಟ್ಟಿ ಎನಿಸುತ್ತಿತ್ತು. ನಾನು ದಿನಾ ಮಧ್ಯಾಹ್ನ, ಕರೆಂಟು ಹೋಗಿ ಬಲ್ಬು ಆರಿದೆಯೋ ಏನೋ ಎಂಬ ಕಳವಳದಲ್ಲಿ, ಊಟದ ನೆಪ ಮಾಡಿ ಕಚೇರಿಯಿಂದ ಸ್ಕೂಟರಿನಲ್ಲಿ ಮನೆಗೆ ಬಂದು ನೋಡಿ ಹೋಗುತ್ತಿದ್ದೆ. ಪ್ರೀತಿ ಎನ್ನಲಾರೆ. ಬಾಗಿಲು ತೆಗೆದಾಗ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು, ಪ್ರತಿ ಸಲವೂ ಇದೆಂಥ ಹೇಸಿಗೆಯ ಬದುಕು ಎಂದೇ ಬೈದುಕೊಳ್ಳುತ್ತಿದ್ದೆ.

ಶ್ರಾವಣ ಬಂತು, ಮಳೆಗಾಲ ಮುಗಿಯುವುದಕ್ಕೂ ಮೊದಲೇ ಅಕ್ಕನೂ ಬಂದಳು. ಭಾನುವಾರ ಸಂಜೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಬಂಗಾರಿ ಎಲ್ಲಿ ಎಂದಳು. ಹಲಗೆ ಎತ್ತಿದೆ. ಅವಳು ಬಹಳ ಹೊತ್ತು ಬಗ್ಗಿ ನೋಡಿದಳು. ಅರಿಶಿನ ಇಲ್ಲ, ಕುಂಕುಮ ಇಲ್ಲ, ಮೈತುಂಬ ಮಣ್ಣು.

"ಲಕ್ಷ್ಮೀನ ತಂದು ಹೂತು ಹಾಕಿದ್ದೀಯಲ್ಲೋ."

ನಾನು ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಇದು ನೀರಿನ ಪ್ರಾಣಿಯಲ್ಲ, ಉರುಳಿಯಲ್ಲಿ ಕಾಲು ಬಡಿಯುತ್ತಿದ್ದದ್ದು ಆಟವಲ್ಲ, ಹೊರಗೆ ಬರುವ ಪಾಡು ಎಂದೆ. ಶಿವನ ಗುಡಿಯಲ್ಲಿ ನಂದಿಯ ಮುಂದೆ ಕಲ್ಲಿನಲ್ಲಿ ಕೆತ್ತಿರುವ ಆಮೆಯೂ ಒಣ ನೆಲದ ಮೇಲೇ ಇರುತ್ತದಲ್ಲ ಎಂದು ಸುಮಾ ಜಾಣತನದಿಂದ ಸೇರಿಸಿದಳು. ಅಕ್ಕ ಯಾವುದಕ್ಕೂ ಎದುರಾಡಲಿಲ್ಲ. ತರೀಕೆರೆಯವರು ಬರುವ ಸೋಮವಾರ ಹೇಳ್ತೀವಿ ಅಂದಿದ್ದರು, ಅದು ನಾಳೆ ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದಳು. ಅವಳು ಒಪ್ಪಿಕೊಂಡಳೆಂದು ತಿಳಿದೆ. ಜಗತ್ತಿನ ಎಲ್ಲ ಅಪಘಾತಗಳನ್ನೂ ಮುಂಚಿತವಾಗಿ ಊಹಿಸಬಲ್ಲವನಿಗೆ ಸ್ವಂತ ಅಕ್ಕನ ಮೌನ ಅರ್ಥವಾಗಲಿಲ್ಲ.

ಸೋಮವಾರ ಸುಮಾ ಶಾಲೆಗೆ ಹೋದಳು, ನಾನು ಕಚೇರಿಗೆ. ಮಧ್ಯಾಹ್ನ ಎಂದಿನಂತೆ ಬಂದು ಬಾಗಿಲು ತೆಗೆದರೆ ಬೇರೆಯದೇ ವಾಸನೆ: ಊದುಬತ್ತಿ, ತುಪ್ಪ, ಹಾಲು. ಹಾಲ್‌ನ ಉತ್ತರದ ಮೂಲೆಯಲ್ಲಿ ರಂಗೋಲಿ. ಅದರ ಮೇಲೆ ನಮ್ಮ ಮನೆಯ ಸ್ಟೀಲ್ ಪಾತ್ರೆ, ಕಂಠದತನಕ ನೀರು. ಶ್ರಾವಣ ಸೋಮವಾರವೆಂದು ಅಕ್ಕ ಅದಕ್ಕೆ ಪಂಚಾಮೃತದ ಅಭಿಷೇಕ ಮಾಡಿದ್ದಳು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ನೀರಿನ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು, ಒಡೆದ ಹಾಲಿನ ಚೂರು ತೇಲುತ್ತಿತ್ತು, ಪಾತ್ರೆಯ ಅಂಚಿಗೆ ಆಗಲೇ ಇರುವೆ ಸಾಲು ಹತ್ತಿತ್ತು. ಬಂಗಾರಿ ಅಡಿಯಲ್ಲಿತ್ತು. ಅಕ್ಕ ಪಕ್ಕದಲ್ಲಿ ಕೂತು ಕೈಮುಗಿದು ಮಂತ್ರ ಹೇಳುತ್ತಿದ್ದಳು.

"ಇಷ್ಟೊತ್ತು ಆಡ್ತಾ ಇತ್ತು," ಎಂದಳು ನನ್ನನ್ನು ಕಂಡು, ದನಿ ತಗ್ಗಿಸಿ. "ಈಗ ಸುಮ್ಮನಾಯ್ತು. ಮಲಗಿರ್ಬೇಕು."

ಕೈಗೆ ಕವರು ಕಟ್ಟಿಕೊಳ್ಳುವುದು ನೆನಪಾಗಲಿಲ್ಲ. ಮೊಣಕೈತನಕ ಆ ನೀರಿಗೆ ಕೈ ಹಾಕಿ ಎತ್ತಿದೆ. ಕತ್ತು ಜೋತು ಬಿತ್ತು. ತಲೆ ಕೆಳಗೆ ಮಾಡಿ ಹಿಡಿದು, ಕತ್ತು ಮೆಲ್ಲಗೆ ಎಳೆದು, ಮುಂಗಾಲುಗಳನ್ನು ಒಳಕ್ಕೂ ಹೊರಕ್ಕೂ ಆಡಿಸಿದೆ. ಇದನ್ನೂ ಎಂದೋ ಹೆದರಿ ನೋಡಿಟ್ಟುಕೊಂಡಿದ್ದೆ. ಬಾಯಿಂದ ಹಾಲುಬಿಳುಪಿನ ನೀರು ಬಂತು, ನನ್ನ ಕಚೇರಿಯ ಅಂಗಿಯ ಮೇಲೆ, ಪಾದದ ಮೇಲೆ. ಮತ್ತೆ ಬಂತು. ಆ ಜಿಗುಟು, ಆ ಸಿಹಿ ವಾಸನೆ, ಅಂಗೈಯಲ್ಲಿ ಜಾರುವ ತುಪ್ಪ. ದೇವರಿಗೆ ಮಾಡಿದ್ದು ಇಷ್ಟು ಹೊಲಸಾಗಿರಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಹಿಂಗಾಲು ಅಲ್ಲಾಡಿತು. ಆಮೇಲೆ ಬಾಯಿ ತೆರೆದು, ಸದ್ದಿಲ್ಲದೆ, ಗಾಳಿ ಎಳೆದುಕೊಂಡಿತು.

ತಿರುಗಿ ನೋಡಿದರೆ ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಪಾತ್ರೆಯನ್ನು.

"ಹಂಗಾದ್ರೆ ಅಷ್ಟು ದಿನವೂ..." ಎಂದಳು. ಸರಸರನೆ ಬಚ್ಚಲಿಗೆ ಹೋದಳು. ಅವಳು ವಾಕರಿಸುವ ಸದ್ದು ಕೇಳಿಸಿತು.

ಆ ಸಂಜೆ ನಾನೂ ಅಕ್ಕನೂ ವೈರ್ ಬ್ಯಾಗಿಗೆ ಟವೆಲು ಹಾಸಿ ಅದನ್ನು ಪಶುವೈದ್ಯರ ಬಳಿಗೆ ಒಯ್ದೆವು. ನಾಯಿ ಹಸುಗಳ ನಡುವೆ ಕೂತು ಸರದಿ ಕಾದೆವು. ವೈದ್ಯರು ಬ್ಯಾಗಿನೊಳಗೆ ಇಣುಕಿದವರೇ ಬಾಗಿಲು ಹಾಕಿಸಿದರು. ಶ್ವಾಸಕೋಶಕ್ಕೆ ನೀರು ಹೋಗಿರುತ್ತದೆ, ಚಿಕಿತ್ಸೆ ಬೇಕು, ತಮಗೆ ಇದು ಬರುವುದಿಲ್ಲ, ಅರಣ್ಯ ಇಲಾಖೆಯವರಿಗೆ ಕೊಟ್ಟರೆ ಬಲ್ಲವರ ಹತ್ತಿರ ಕಳಿಸುತ್ತಾರೆ, ಮನೆಯಲ್ಲಿಟ್ಟರೆ ಈ ವಾರ ದಾಟುವುದಿಲ್ಲ ಎಂದರು. ಎಲ್ಲಿಂದ ಬಂತೆಂದು ಕೇಳಲಿಲ್ಲ. ನಾನು ಮಾತ್ರ ಕೇಳದ ಪ್ರಶ್ನೆಗೆ ಉತ್ತರ ಹೊಂದಿಸಿಕೊಳ್ಳುತ್ತಾ ಬೆವರಿದೆ.

ಮನೆಗೆ ಬಂದು ಅಕ್ಕ ಭಾವನಿಗೆ ಫೋನು ಮಾಡೆಂದಳು. ಸ್ಪೀಕರು ಹಾಕಿ ನಡೆದದ್ದನ್ನು ಹೇಳಿದೆ. ತರೀಕೆರೆಯವರು ಬೇರೊಬ್ಬರನ್ನು ತೆಗೆದುಕೊಂಡರಂತೆ. ಅದನ್ನು ಭಾವ ಬಸ್ಸು ತಪ್ಪಿದ ಸುದ್ದಿಯ ಹಾಗೆ ಹೇಳಿದರು. ಅಕ್ಕ, ನಾನು ಇದನ್ನ ಇಲ್ಲಿಗೆ ತರಬಾರದಿತ್ತು, ಉತ್ತರ ದಿಕ್ಕು ತಪ್ಪಿತು ಎಂದು ಶುರು ಮಾಡಿದಳು.

"ಗಿರಿಜಾ, ಸಾಕು ಬಿಡು," ಎಂದರು ಭಾವ. ಅಷ್ಟು ಬೇಸರದ ದನಿಯನ್ನು ಅವರಿಂದ ನಾನು ಕೇಳಿರಲಿಲ್ಲ. "ನಂಗೆ ವಯಸ್ಸಾಯ್ತು, ಅದಕ್ಕೆ ಕೆಲಸ ಸಿಗ್ಲಿಲ್ಲ. ಅದನ್ನ ಯಾಕೆ ಆ ಪ್ರಾಣಿ ಬೆನ್ನಿಗೆ ಕಟ್ತೀಯ? ಕ್ವಾರ್ಟರ್ಸಲ್ಲಿ ಒಬ್ಬೊಬ್ರೂ ಬಂದು ಅದಕ್ಕೆ ಕೈ ಮುಗಿದು, ಇವರಿಗೆ ಇನ್ನೂ ಆಗಿಲ್ವಾ ಅಂತ ನನ್ನ ಕಡೆ ನೋಡಿ ಹೋಗೋರು. ನಂಗೆ ಮನೇಲಿ ಕೂರೋಕೇ ಅಸಹ್ಯ ಆಗ್ತಿತ್ತು. ಕೊಟ್ಬಿಡಿ. ಚಂದ್ರು, ಕೇಸು ಗೀಸು ಅಂದ್ರೆ ನನ್ನ ಹೆಸರು ಬರೆಸು ಮಾರಾಯ."

ಮಾರನೆಯ ದಿನ ರಜೆ ಹಾಕಿದೆ. ಅಕ್ಕನ ಜೊತೆ ಅರಣ್ಯ ಕಚೇರಿಯ ಮೆಟ್ಟಿಲು ಹತ್ತಿದೆ. ಏನು ಹೇಳಬೇಕೆಂದು ರಾತ್ರಿಯೇ ಬಾಯಿಪಾಠ ಮಾಡಿಕೊಂಡಿದ್ದೆ: ರಸ್ತೆಯಲ್ಲಿ ಸಿಕ್ಕಿತು, ಮಳೆಯಲ್ಲಿ ಬಂತು, ಯಾರೋ ಗೇಟಿನ ಬಳಿ ಬಿಟ್ಟು ಹೋದರು. ಮೂರರಲ್ಲಿ ಯಾವುದನ್ನು ಹೇಳುವುದೆಂದು ತೀರ್ಮಾನವಾಗಿರಲಿಲ್ಲ. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಮೂವತ್ತು ದಾಟಿರದ ಹೆಣ್ಣುಮಗಳು. ಬ್ಯಾಗು ನೋಡಿ, ಯಾರದ್ದು ಇದು ಎಂದಳು. ನಾನು ಗಂಟಲು ಸರಿಮಾಡಿಕೊಂಡೆ.

"ನಂದು," ಎಂದಳು ಅಕ್ಕ. "ಗಿರಿಜಮ್ಮ ಅಂತ ಬರ್ಕೊಳ್ಳಿ. ನಾನೇ ತಗೊಂಡಿದ್ದು. ನೀರಲ್ಲಿ ಇಟ್ಟಿದ್ದೂ ನಾನೇ. ಇವನು ಬದುಕಿಸಿದ್ದು."

ಅಧಿಕಾರಿ ಪೆನ್ನು ತೆಗೆದುಕೊಂಡಳು. ತಾವಾಗಿ ತಂದುಕೊಟ್ಟಿದ್ದೀರಿ, ಹೇಳಿಕೆ ಕೊಡಿ, ಕರೆದಾಗ ಬರಬೇಕಾಗಬಹುದು ಎಂದು ಹೇಳಿ, ಮಾರಿದವನು ಹೇಗಿದ್ದ, ಎಲ್ಲಿಂದ ಬಂದ ಎಂದೆಲ್ಲ ಕೇಳಿದಳು. ಅಕ್ಕ ಒಂದಕ್ಕೂ 'ನೆನಪಿಲ್ಲ' ಎನ್ನಲಿಲ್ಲ. ಆಮೇಲೆ ಅಧಿಕಾರಿ ಬ್ಯಾಗನ್ನು ಎತ್ತಿಕೊಂಡು ಹಿಂದಿನ ವರಾಂಡಕ್ಕೆ ಹೊರಟಳು. ಬರಬಹುದಾ ಎಂದು ಅಕ್ಕ ಕೇಳಿದ್ದಕ್ಕೆ ಬನ್ನಿ ಎಂದಳು.

ವರಾಂಡದಲ್ಲಿ ಪ್ಲಾಸ್ಟಿಕ್ ಕ್ರೇಟುಗಳಿದ್ದವು. ಹತ್ತಿರ ಹೋಗುವ ಮೊದಲೇ ನನಗೆ ಆ ವಾಸನೆ ಬಂತು. ಮನೆಯದೇ ವಾಸನೆ, ಆದರೆ ಅದರ ಹತ್ತು ಪಾಲು. ಒಳಗೆ ಒಂದರ ಪಕ್ಕ ಒಂದು ಆಮೆಗಳು. ಹಿಡಿದು ತಂದವು ಕೆಲವು, ಕೊಟ್ಟು ಹೋದವು ಕೆಲವು, ಔಷಧ ಹಾಕಿಸಿ ಕಳಿಸಬೇಕು ಎಂದಳು ಅಧಿಕಾರಿ. ಎಲ್ಲದರ ಬೆನ್ನ ಮೇಲೂ ಕುಂಕುಮ ಅರಿಶಿನದ ಹೆಕ್ಕಳಿಕೆ. ಒಂದರ ಮೇಲೆ ಯಾರೋ ಬಣ್ಣದಿಂದ ಓಂ ಬರೆದಿದ್ದರು. ಒಂದಕ್ಕೆ ಗೋಂದಿನಲ್ಲಿ ನಾಣ್ಯ ಅಂಟಿಸಿದ್ದರು. ಇನ್ನೊಂದರ ಚಿಪ್ಪಿನ ಅಂಚಿಗೆ ತೂತು ಕೊರೆದು ಕೆಂಪು ದಾರ ಕಟ್ಟಿದ್ದರು, ತೂತಿನ ಸುತ್ತ ಕೀವು. ನಾನು ಗೋಡೆಯ ಕಡೆಗೆ ತಿರುಗಿದೆ.

ಅಕ್ಕ ತಿರುಗಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ನಲ್ಲಿಯ ಕೆಳಗೆ ಸೆರಗಿನ ತುದಿ ನೆನೆಸಿಕೊಂಡು, ದಾರ ಕಟ್ಟಿದ್ದ ಆಮೆಯ ಬೆನ್ನು ಒರೆಸತೊಡಗಿದಳು. ಬಿಡಿಮ್ಮ, ಡಾಕ್ಟ್ರು ನೋಡ್ತಾರೆ ಎಂದಳು ಅಧಿಕಾರಿ. ಅಕ್ಕ ಹೂಂ ಎಂದು ಇನ್ನೊಂದನ್ನು ಒರೆಸಿದಳು. ಸೆರಗು ಕೆಂಪಗಾಯಿತು, ಹಳದಿಯಾಯಿತು, ಆಮೇಲೆ ಯಾವ ಬಣ್ಣವೂ ಅಲ್ಲದ್ದಾಯಿತು. ಬಂಗಾರಿಯನ್ನು ಯಾವ ಕ್ರೇಟಿನಲ್ಲಿ ಬಿಟ್ಟರೆಂದು ಅವಳು ನೋಡಿದ ಹಾಗೆ ಕಾಣಲಿಲ್ಲ.

ಭದ್ರಾವತಿ ಬಸ್ಸಿಗೆ ಕಾಯುತ್ತಾ ನಿಂತೆವು. ಮಳೆ ಸಣ್ಣಗೆ ಹಿಡಿದಿತ್ತು. ಕೈಯನ್ನಾದರೂ ಸೋಪು ಹಾಕಿ ತೊಳೆದುಕೋ ಅಕ್ಕ, ರೋಗ ಬರುತ್ತೆ ಎಂದು ನಾನು ಮೂರು ಸಲ ಹೇಳಿದೆ. ಅವಳು ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಿದ್ದಳು.

"ಚಂದ್ರು, ಒಂದು ಮಾತು ಕೇಳಬೇಕಿತ್ತು ಕಣೋ ಆ ಹುಡುಗೀನ. ಅಷ್ಟು ಆಮೆ ಇಟ್ಕೊಂಡಿದ್ರಲ್ಲ, ಅವರಲ್ಲಿ ಒಬ್ಬರ ಮನೇಲಾದ್ರೂ ಒಳ್ಳೇದಾಗಿತ್ತಾ ಅಂತ."

"ಹೋಗಿ ಕೇಳ್ಕೊಂಡು ಬರ್ಲಾ?" ಎಂದೆ.

ಬಸ್ಸು ಬಂತು. ಅವಳು ಆ ಸೆರಗನ್ನು ಮೈಗೆ ತಾಗದಂತೆ ಮುದುಡಿ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

"ಬೇಡ," ಎಂದಳು. "ಆಗಿದೆ ಅಂದ್ಬಿಟ್ರೆ ಇನ್ನೂ ಹೇಸಿಗೆ."